ಹೆಸರಿನಜ್ಜನ ಕೊಳಗ

ಪಾತ್ರೆ ಅಂಗಡಿಯ ಮಾಲೀಕರು ಫೋನ್ ಮಾಡಿದಾಗ ನಾನು ಹೊಳಲ್ಕೆರೆಯ ನಮ್ಮ ಹೈಸ್ಕೂಲಿನಲ್ಲಿ ಎಂಟನೇ ತರಗತಿಗೆ ಬಣ್ಣದ ಚಕ್ರ ಬರೆಸುತ್ತಿದ್ದೆ. "ಮೇಡಂ, ಹೆಸರಿನಜ್ಜ ಹೋಗ್ಬಿಟ್ರು. ಮೊನ್ನೆ ಸೋಮವಾರ" ಎಂದರು. ಕೈಯಲ್ಲಿದ್ದ ಸೀಮೆಸುಣ್ಣ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಆಮೇಲೆ ಅವರೇ, "ಅಂಗಡಿ ಮುಂದೆ ಒಂದು ಫ್ಲೆಕ್ಸ್ ಹಾಕಾಣ ಅಂತ ಮಾಡೀವಿ. ನಿಮ್ಹತ್ರ ಅಜ್ಜನ ಫೋಟೋ ಬೇಜಾನ್ ಅದಾವಲ್ಲ, ಒಂದು ಚೆನ್ನಾಗಿರೋದು ಕಳಿಸ್ರಿ" ಎಂದರು.

ಕಳಿಸುತ್ತೇನೆ ಎಂದೆ. ಸಂಜೆ ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ಫೋಟೋ ನೂರಾರು ಇದ್ದವು. ಒಂದರಲ್ಲೂ ಮುಖವಿಲ್ಲ! ಕೈ ಇದೆ, ಉಗುರು ಸವೆದ ಹೆಬ್ಬೆರಳಿದೆ, ಲೋಟದ ಅಂಚಿದೆ, ತಟ್ಟೆಯ ತಳವಿದೆ. ಎರಡು ವರ್ಷ ಅವರ ಪಕ್ಕದಲ್ಲಿ ಕೂತು ಎದ್ದು ಮಾಡಿದವಳು ಒಮ್ಮೆಯಾದರೂ ಮೊಬೈಲನ್ನು ಒಂದು ಗೇಣು ಮೇಲಕ್ಕೆತ್ತಬಾರದಿತ್ತೇ? ನನ್ನ ಮೇಲೆ ನನಗೇ ಸಿಟ್ಟು ಬಂತು. ಅಳುವೂ ಬಂತು.

ನಮ್ಮ ಕಡೆಯ ಮನೆಗಳಲ್ಲಿ ಹೆಸರಿಲ್ಲದ ಪಾತ್ರೆ ಸಿಗುವುದು ಕಡಿಮೆ. ಬಿ.ದುರ್ಗದ ನಮ್ಮ ಮನೆಯಲ್ಲಿ ಒಗ್ಗರಣೆ ಸೌಟಿನ ಮೇಲೂ ಅಮ್ಮನ ಸೋದರತ್ತೆಯ ಹೆಸರಿದೆ. ಆಕೆ ತೀರಿಕೊಂಡು ಎಷ್ಟೋ ವರ್ಷವಾದರೂ ದಿನಾ ನಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿರುವುದು ಅವರೇ. ಮದುವೆ, ಗೃಹಪ್ರವೇಶ, ನಾಮಕರಣ ಯಾವುದೇ ಆಗಲಿ, ಉಡುಗೊರೆ ಎಂದರೆ ಸ್ಟೀಲ್ ಪಾತ್ರೆ. ಅದರ ಮೇಲೆ ಕೊಟ್ಟವರ ಹೆಸರು, ಪಡೆದವರ ಹೆಸರು, ದಿನಾಂಕ. ಸಣ್ಣ ಸಣ್ಣ ಚುಕ್ಕಿಗಳಲ್ಲಿ ಕೊರೆದ ಆ ಅಕ್ಷರಗಳನ್ನು ನಾವೆಲ್ಲ ಊಟ ಮಾಡುತ್ತಾ ಓದಿಕೊಂಡೇ ಬೆಳೆದವರು. ಆದರೆ ಅದನ್ನು ಬರೆದ ಕೈ ಯಾರದೆಂದು ಯಾರೂ ಕೇಳುವುದಿಲ್ಲ. ಚಿತ್ರದುರ್ಗದ ಆ ಅಂಗಡಿಯ ಬಾಗಿಲ ಪಕ್ಕ, ಗೋಣಿತಾಟಿನ ಮೇಲೆ ಮಣೆ ಹಾಕಿಕೊಂಡು ನಲವತ್ತು ವರ್ಷಕ್ಕೂ ಮೇಲೆ ಹಾಗೆ ಬರೆದವರು ಅವರು. ಅಂಗಡಿಯವರು, ಗಿರಾಕಿಗಳು, ಎದುರಿನ ಹೂವಿನಂಗಡಿಯವರು ಎಲ್ಲರಿಗೂ ಅವರು ಹೆಸರಿನಜ್ಜ. ಅವರ ನಿಜವಾದ ಹೆಸರು ನನಗೆ ಗೊತ್ತಿದೆ. ಇಲ್ಲಿ ಬರೆಯುವುದಿಲ್ಲ, ಯಾಕೆಂದು ಆಮೇಲೆ ಹೇಳುತ್ತೇನೆ.

ನಾನು ಅವರ ಹತ್ತಿರ ಹೋದದ್ದು ನಾಲ್ಕು ವರ್ಷದ ಹಿಂದೆ, ಕೆಲಸದ ಜೊತೆಗೆ ಚಿತ್ರಕಲೆಯಲ್ಲಿ ಮೇಲಿನ ಪದವಿ ಮಾಡಲು ಹೊರಟಿದ್ದಾಗ. ದಿನಬಳಕೆಯ ಒಂದು ವಸ್ತುವನ್ನು ಆರಿಸಿ, ಜನರ ಬದುಕಿನಲ್ಲಿ ಅದಕ್ಕೆ ಏನೇನು ಅರ್ಥವಿದೆ, ಏನೇನು ನಂಟಿದೆ ಎಂದು ಹುಡುಕಿ, ಅದರಿಂದ ಕಲಾಕೃತಿ ಮಾಡಬೇಕು ಎಂದು ನಮ್ಮ ಗೈಡ್ ಹೇಳಿದ್ದರು. ನಾನು ಸ್ಟೀಲ್ ಪಾತ್ರೆ ಆರಿಸಿದೆ. ಸುಲಭ ಎನಿಸಿತ್ತು. ದಪ್ಪ ನೋಟ್‌ಬುಕ್ ತಂದು, ಓದಿದ್ದನ್ನೂ ಓದದ್ದನ್ನೂ ಸೇರಿಸಿ ಹೋಗುವ ಮುಂಚೆಯೇ ನಾಲ್ಕು ಪುಟ ತುಂಬಿಸಿದ್ದೆ. ಕೊಡ ಎಂದರೆ ಗರ್ಭ. ತಟ್ಟೆ ಎಂದರೆ ಭೂಮಿ. ತಂಬಿಗೆ ಎಂದರೆ ಹೆಣ್ಣಿನ ತಾಳ್ಮೆ.

ಅಂಗಡಿಯವರು ಅಜ್ಜನ ಮುಂದೆ ನನ್ನನ್ನು ಕೂರಿಸಿ, "ಇವರು ಡ್ರಾಯಿಂಗ್ ಮೇಡಂ. ಪಾತ್ರೆ ಬಗ್ಗೆ ಬರೀತಾರಂತೆ" ಎಂದು ಹೋದರು. ನಾನು ಠೀವಿಯಿಂದ ನೋಟ್‌ಬುಕ್ ತೆಗೆದು ಓದಿದೆ. ಅಜ್ಜ ಕನ್ನಡಕವನ್ನು ಹಣೆಯ ವಿಭೂತಿಯ ಮೇಲಕ್ಕೆ ಏರಿಸಿಕೊಂಡು ಪೂರ್ತಿ ಕೇಳಿದರು. ಆಮೇಲೆ ಹೊಟ್ಟೆ ಕುಣಿಸಿಕೊಂಡು ನಕ್ಕರು.

"ತಂಬಿಗೆ ಅಂದ್ರೆ ತಂಬಿಗೆ ಕಣವ್ವ. ತಾಳ್ಮೆ ಎಲ್ಲೈತೆ ಅದ್ರಾಗೆ? ಯಾರ ಮನೇದು ಅಂತ ಕೇಳು ಮೊದ್ಲು."

ನನ್ನ ಮುಖ ಸಣ್ಣದಾಯಿತು. ಅದನ್ನು ನೋಡಿ ಪಾಪ ಎನ್ನಿಸಿತೋ ಏನೋ, ಅಂಗಡಿಯ ಮೂಲೆಯಲ್ಲಿ ರಾಶಿ ಬಿದ್ದಿದ್ದ, ಹೊಸದಕ್ಕೆ ಬದಲು ಜನ ಹಾಕಿಹೋಗಿದ್ದ ಹಳೇ ಪಾತ್ರೆಗಳಲ್ಲಿ ಒಂದು ಸಣ್ಣ ಲೋಟ ಎತ್ತಿಕೊಂಡರು. ಕಣ್ಣು ಮುಚ್ಚಿ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. "ಇಲ್ಲಿ ನೋಡು, ಹಲ್ಲಿನ ಗುರ್ತು. ಹಲ್ಲು ಬರೋ ಕೂಸಿನ ಕೈಗೆ ಕೊಟ್ಟಿದಾರೆ ಇದನ್ನ. ಕಚ್ಚಿ ಕಚ್ಚಿ ಇಟ್ಟೈತೆ." ಇನ್ನೊಂದು ತಟ್ಟೆ. "ಇದ್ರಾಗೆ ಯಾರೂ ಉಂಡಿಲ್ಲ. ಈರುಳ್ಳಿ ಹೆಚ್ಚಕಂಡಿದಾರೆ ಅಷ್ಟೆ, ಚಾಕು ಗೀರು ನೋಡು." ಮತ್ತೊಂದು ತಂಬಿಗೆ. ಮೇಲೆ ದೇವರಿಗೆಂದು ಯಾರೋ ಕೊಟ್ಟ ಒಕ್ಕಣೆಯಿತ್ತು, ಒಳಗೆಲ್ಲ ಉಪ್ಪುನೀರಿನ ಬಿಳಿ ಹಕ್ಕಳೆ. "ದೇವ್ರ ಕ್ವಾಣೆಗೆ ಅಂತ ಬಂದಿದ್ದು, ಅಡುಗೆಮನೆಗೆ ಬಂತು, ಅಲ್ಲಿಂದ ಬಚ್ಚಲಿಗೆ ಬಂತು. ಆಮ್ಯಾಕೆ ಹಿತ್ಲಿಗೆ. ಎಲ್ಲಾ ಕಡೆ ಡ್ಯೂಟಿ ಮಾಡಿ ಈಗ ರಿಟೈರ್ ಆಗೈತೆ."

ನನ್ನ ನಾಲ್ಕು ಪುಟವನ್ನು ಅಲ್ಲೇ ಹರಿದೆ. ಅವರು ಹರಿದ ಹಾಳೆಗಳನ್ನು ಬೀಳಿಸದೆ ಇಸಿದುಕೊಂಡು, ಗಾಜಿನ ಲೋಟ ಸುತ್ತಲು ಬರುತ್ತದೆಂದು ಮಡಿಸಿ ಇಟ್ಟುಕೊಂಡರು.

ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋಗುತ್ತಿದ್ದೆ. ಅವರ ಕೆಲಸಕ್ಕೆ ಅದರದೇ ಒಂದು ಕ್ರಮವಿತ್ತು. ಗಿರಾಕಿ ಪಾತ್ರೆ ತಂದಿಟ್ಟರೆ ಹೆಸರು ಕೊರೆಯುವ ಕರೆಂಟಿನ ಪೆನ್ನು ತಕ್ಷಣ ಮುಟ್ಟುತ್ತಿರಲಿಲ್ಲ. "ಯಾರಿಗೆ? ಯಾರಿಂದ? ಏನು ಹಾಕ್ಕಂತಾರೆ ಇದ್ರಾಗೆ?" ಎಂದು ಮೂರು ಪ್ರಶ್ನೆ. ಮೊದಲ ಎರಡು ಸರಿ, ಮೂರನೆಯದು ಯಾಕೆ ಎಂದು ಕೇಳಿದ್ದೆ. ಉಪ್ಪು ಹಾಕುವ ಡಬ್ಬಿಯಾದರೆ ಮುಚ್ಚಳದ ಮೇಲೆ ಬರೆಯಬೇಕು, ಒದ್ದೆ ಕೈ ಸವೆಸುವುದು ಪಕ್ಕವನ್ನು. ಹಾಲಿನ ಪಾತ್ರೆಯಾದರೆ ಕಂಠದ ಕೆಳಗೆ, ಉಕ್ಕಿದ್ದು ಸುಟ್ಟು ಕಪ್ಪಾಗದ ಕಡೆ. ಮಗುವಿನ ತಟ್ಟೆಯಾದರೆ ಹೆಸರಿನ ಮುಂದೆ ಒಂದಿಷ್ಟು ಜಾಗ ಬಿಡುತ್ತಿದ್ದರು. "ಹಿಂದೆ ಒಂದು ತಂಗಿನೋ ತಮ್ಮನೋ ಬರ್ತೈತಲ್ಲ, ಅದಕ್ಕೆ ಸಿಟ್ಟು ಬರಬಾರ್ದು."

ಬರೆಯುವಾಗ ಅವರ ನಾಲಿಗೆಯ ತುದಿ ಹೊರಗೆ ಬಂದಿರುತ್ತಿತ್ತು. ಅಕ್ಷರ ಅಂಥ ಚಂದವೇನಲ್ಲ, ಸ್ವಲ್ಪ ಬಲಕ್ಕೆ ವಾಲುತ್ತಿತ್ತು. ಹೂವು, ನವಿಲು, ಸ್ವಸ್ತಿಕ ಬರೆದುಕೊಡಿ ಎಂದು ಕೇಳಿದವರಿಗೆ, "ಅವೆಲ್ಲ ನಂಗೆ ಬರಲ್ಲಪ್ಪ. ನಾನು ಹೆಸರು ಹಾಕೋನು" ಎನ್ನುತ್ತಿದ್ದರು. ನಾನೊಮ್ಮೆ, "ನೀವೂ ಕಲಾವಿದರೇ ಅಜ್ಜ" ಎಂದೆ. ನನ್ನ ಧಾಟಿಯಲ್ಲಿ ಸ್ವಲ್ಪ ದೊಡ್ಡಸ್ತಿಕೆ ಇತ್ತು ಎಂದು ಈಗ ಅನಿಸುತ್ತದೆ. ಅವರು ತಲೆ ಎತ್ತದೆ, "ಕೊಟ್ಟೋರದು ಒಂದು ಹೆಸರು, ಇಸ್ಕಂಡೋರದು ಒಂದು ಹೆಸರು. ನಡುವೆ ನನಗೇನು ಕೆಲ್ಸ ಐತೆ?" ಎಂದರು. ಅವರ ಮನೆಯ ಪಾತ್ರೆಗಳ ಮೇಲೂ ಅವರ ಹೆಸರಿರಲಿಲ್ಲ. ಅವರ ಹೆಂಡತಿ ಇದ್ದಾಗ ಈ ಬಗ್ಗೆ ಜಗಳವಾಡುತ್ತಿದ್ದರಂತೆ.

ಕೈ ಮಾತ್ರ ಆಗಲೇ ಸೋಲುತ್ತಿತ್ತು. ಪೊರೆ ತೆಗೆಸಿದ ಮೇಲೂ ಎಡಗಣ್ಣು ಮಂಜು. ಅಂಗಡಿಗೆ ಕಂಪ್ಯೂಟರಿಗೆ ಜೋಡಿಸುವ ಲೇಸರ್ ಯಂತ್ರ ತರುವ ಮಾತು ನಡೆದಿತ್ತು. ಅಂಗಡಿಯನ್ನೂ ಒಡೆದು ಹೊಸದಾಗಿ ಕಟ್ಟುವವರಿದ್ದರು. ಒಂದು ಶನಿವಾರ ಮಾಲೀಕರು ಅಜ್ಜನ ಎದುರು ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ, "ಅಜ್ಜ, ಕಾರ್ತೀಕದೊಳಗೆ ಆ ಚೀಲ ಒಂದು ಖಾಲಿ ಮಾಡ್ರಿ. ಇಲ್ಲಾಂದ್ರೆ ಹಳೇ ಪಾತ್ರೆ ಜೊತೆ ಕರಗಿಸಾಕೆ ಕಳಿಸ್ತೀನಿ. ಬ್ಯಾಸರ ಮಾಡ್ಕಬ್ಯಾಡ್ರಿ" ಎಂದರು.

ಯಾವ ಚೀಲ? ಅವರು ಕೂರುತ್ತಿದ್ದ ಮಣೆಯ ಹಿಂದೆಯೇ ಇತ್ತು. ಅದಕ್ಕೆ ಬೆನ್ನು ಆನಿಸಿಕೊಳ್ಳುತ್ತಿದ್ದರು, ನಾನು ದಿಂಬು ಅಂದುಕೊಂಡಿದ್ದೆ. ಬಿಚ್ಚಿದರೆ ಒಳಗೆ ಹನ್ನೊಂದು ಪಾತ್ರೆ. ಎಲ್ಲದರ ಮೇಲೂ ಹೆಸರು ಬರೆದಾಗಿತ್ತು, ಯಾವುದನ್ನೂ ಯಾರೂ ಒಯ್ದಿರಲಿಲ್ಲ. ಬರೆಸಿ ಹೋದವರು ಮರೆತಿದ್ದರು, ಊರು ಬಿಟ್ಟಿದ್ದರು, ತೀರಿಕೊಂಡಿದ್ದರು. ನಲವತ್ತು ವರ್ಷದಲ್ಲಿ ಹಾಗೆ ಉಳಿದ ಹನ್ನೊಂದು.

ನಾನು ಕುಣಿದಾಡುವುದೊಂದು ಬಾಕಿ. ಕಲಾಕೃತಿ ತಾನಾಗೇ ಬಂದು ಕಾಲ ಬಳಿ ಬಿದ್ದಿತ್ತು! ಹನ್ನೊಂದನ್ನೂ ದಾರಕ್ಕೆ ಕಟ್ಟಿ ತೂಗುಬಿಟ್ಟರೆ, ಕೆಳಗೆ ಒಂದು ದೀಪ ಇಟ್ಟರೆ... "ನನಗೆ ಕೊಟ್ಟುಬಿಡಿ ಅಜ್ಜ" ಎಂದೆ.

"ನಂದಾಗಿದ್ರೆ ಕೊಡ್ತಿದ್ದೆ ಕಣವ್ವ. ಹೆಸರು ಓದಾಕೆ ಬರಲ್ವಾ ನಿಂಗೆ?"

ಕೊನೆಗೆ ಒಂದು ಒಪ್ಪಂದವಾಯಿತು. ಪಾತ್ರೆಗಳನ್ನು ಅವುಗಳ ಮನೆಗೆ ಮುಟ್ಟಿಸಲು ನನ್ನ ಸ್ಕೂಟರ್ ಕೊಡಬೇಕು. ಬದಲಿಗೆ ನಾನು ಅವುಗಳ ಅಚ್ಚು ತೆಗೆದುಕೊಳ್ಳಬಹುದು. ಅಚ್ಚು ಎಂದರೆ ಮಕ್ಕಳು ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜುತ್ತಾರಲ್ಲ, ಹಾಗೆ. ತೆಳು ಕಾಗದವನ್ನು ಪಾತ್ರೆಗೆ ಸುತ್ತಿ ಪೆನ್ಸಿಲ್ ಉಜ್ಜಿದರೆ ಚುಕ್ಕಿಗಳೆಲ್ಲ ಬಿಳಿಯಾಗಿ, ಜೊತೆಗೆ ನೆಗ್ಗು, ಗೀರು ಎಲ್ಲ ಮೂಡುತ್ತವೆ. ಕಣ್ಣಿಗೆ ಕಾಣದ್ದೂ ಕಾಗದಕ್ಕೆ ಕಾಣುತ್ತದೆ.

ಮೊದಲ ಪಾತ್ರೆ ಮದಕರಿಪುರದ್ದು, ಒಂದು ತಂಬಿಗೆ. ಗಂಡನೊಬ್ಬ ತವರಿನಲ್ಲಿದ್ದ ಬಾಣಂತಿ ಹೆಂಡತಿಗೆಂದು ಬರೆಸಿ, ಬರುತ್ತೇನೆ ಎಂದು ಹೋದವನು ಬರಲೇ ಇರಲಿಲ್ಲ. ಅಂದು ಅಜ್ಜನಿಗೆ ಜ್ವರ. ನಾನೇ ಕೊಟ್ಟು ಬರುತ್ತೇನೆಂದು ಹೊರಟೆ. ಹೋಗುವ ಮುಂಚೆ ತಂಬಿಗೆಯನ್ನು ಬೂದಿ ಹಚ್ಚಿ ಫಳಫಳ ಬೆಳಗಿದ್ದೆ. ಊರಲ್ಲಿ ಕೇಳಿ ಮನೆ ಹುಡುಕಿದೆ. ಬಾಗಿಲಿಗೆ ಬಂದ ಐವತ್ತು ದಾಟಿದ ಹೆಂಗಸಿನ ಮುಂದೆ ಎರಡೂ ಕೈಯಲ್ಲಿ ಹಿಡಿದು ಚಾಚಿದೆ. ಆಕೆ ಕೈ ನೀಡಿದವರು ಒಳಗೆ ಇಣುಕಿ, ಬಿಸಿ ತಗುಲಿದವರಂತೆ ಕೈ ಹಿಂದಕ್ಕೆ ತೆಗೆದುಕೊಂಡರು.

"ಬರೀ ತಂಬಿಗೆ ಹಿಡ್ಕಂಡು ಬಾಗ್ಲಿಗೆ ಬಂದೀಯಲ್ಲೇ! ಯಾರ ಮನೆ ಮಗಳು ನೀನು? ಹೇಳ್ಕೊಡೋರು ಯಾರೂ ಇಲ್ವಾ?"

ಬಾಗಿಲು ಹಾಕಿಕೊಂಡರು. ಬಿ.ದುರ್ಗದಲ್ಲಿ ಹುಟ್ಟಿ ಬೆಳೆದವಳು ನಾನು. ಪಕ್ಕದ ಮನೆಯಿಂದ ಪಲ್ಯ ಬಂದ ಬಟ್ಟಲನ್ನು ಅಮ್ಮ ಎಂದೂ ಬರಿದು ಕಳಿಸಿದ್ದಿಲ್ಲ, ನಾಲ್ಕು ಕಾಳು ಸಕ್ಕರೆಯಾದರೂ ಹಾಕಿಯೇ ಕಳಿಸುತ್ತಿದ್ದರು. ಎಷ್ಟೋ ಸಲ ಒಯ್ದವಳು ನಾನೇ. ಆದರೆ ವಸ್ತುವಿನ ಅರ್ಥ ಹುಡುಕುವ ಭರದಲ್ಲಿ ಇದೇ ಮರೆತಿತ್ತು.

ಅಜ್ಜ ಬೈಯಲಿಲ್ಲ. ಜ್ವರ ಬಿಟ್ಟ ಮೇಲೆ ಸ್ಕೂಟರಿನ ಹಿಂದೆ ಕೂತು, ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಅದರಲ್ಲಿ ಅಕ್ಕಿ, ಮೇಲೆ ಒಂದು ಅಚ್ಚು ಬೆಲ್ಲ. ದಾರಿಯಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು. "ನಿನ್ನ ಪುಸ್ತಕದಾಗೆ ಅರ್ಥ ಅರ್ಥ ಅಂತ ಬರ್ಕಂತೀಯಲ್ಲ, ಅದು ಒಂದು ಅಚ್ಚು ಬೆಲ್ಲ ಕಣವ್ವ. ನಾವು ಹಾಕಿದ್ರೆ ಇರ್ತೈತೆ, ಹಾಕ್ದಿದ್ರೆ ಇಲ್ಲ."

ಅದೇ ಹೆಂಗಸು ಈ ಸಲ ಸೆರಗು ಹೊದ್ದು ಇಸಿದುಕೊಂಡರು. ಹೆಸರು ಓದಿದರು. ಗಂಡ ಆ ತಂಬಿಗೆಯ ಸುದ್ದಿಯನ್ನೇ ಎತ್ತಿರಲಿಲ್ಲವಂತೆ, ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ತೀರಿಕೊಂಡರಂತೆ. "ನನಗೆ ಅಂತ ಒಂದು ಸೂಜಿನೂ ತಂದಿಲ್ಲ ಅಂತ ಇಷ್ಟು ವರ್ಷ ಬೈಕಂಡೆನಲ್ಲಪ್ಪ ಅವರನ್ನ" ಎಂದು ನಕ್ಕು, ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತರು. ಅಚ್ಚು ತೆಗೆಯಲು ನನಗೆ ಹತ್ತು ನಿಮಿಷ ತಂಬಿಗೆ ಕೊಟ್ಟರು. ಹೊರಡುವಾಗ ಅಜ್ಜನ ಖಾಲಿ ಚೀಲಕ್ಕೆ ಶೇಂಗಾ ಸುರಿದರು.

ಹೀಗೆ ಒಂದೊಂದೇ ಮನೆ ಸೇರಿದವು. ಕೆಲವು ಕಡೆ ನಕ್ಕರು, ಒಂದು ಕಡೆ ಅಣ್ಣ ತಮ್ಮಂದಿರು ಲೋಟ ನನಗೆ ತನಗೆ ಎಂದು ಜಗಳಕ್ಕೇ ನಿಂತರು. ನನ್ನ ಬಳಿ ಹತ್ತು ಹಾಳೆಯಾದವು. ಚೀಲದಲ್ಲಿ ಒಂದೇ ಒಂದು ಉಳಿಯಿತು, ದೊಡ್ಡ ಕೊಳಗ, ಎರಡು ಕೊಡ ನೀರು ಹಿಡಿಯುವಂಥದ್ದು. ಅದರ ಸುದ್ದಿ ತೆಗೆದರೆ ಅಜ್ಜ ಮಾತು ತಪ್ಪಿಸುತ್ತಿದ್ದರು. ಕಾರ್ತೀಕಕ್ಕೆ ಇನ್ನೆಷ್ಟು ದಿನ ಎಂದರೆ, "ನೋಡಾಣ" ಎನ್ನುತ್ತಿದ್ದರು. ಸಿಟ್ಟು ಬಂದು ಒಂದು ದಿನ ನಾನೇ ಎತ್ತಿ ಓದಿದೆ. ಮದುಮಗಳ ಹೆಸರು, ಪಕ್ಕದಲ್ಲಿ ಮದುಮಗನ ಹೆಸರು, ಕೆಳಗೆ ಸೋದರಮಾವನ ಕಾಣಿಕೆ ಎಂದು. ದಿನಾಂಕವಿರಲಿಲ್ಲ.

ಆಗ ಹೇಳಿದರು. ಅವರಿಗೊಂದು ಕಟ್ಟುನಿಟ್ಟು ಇತ್ತು, ಲಗ್ನಪತ್ರಿಕೆ ಕೈಗೆ ಬಂದು ಅದನ್ನು ಓದುವ ತನಕ ಗಂಡು ಹೆಣ್ಣಿನ ಹೆಸರನ್ನು ಒಟ್ಟಿಗೆ ಕೊರೆಯುತ್ತಿರಲಿಲ್ಲ. ಎಂಥ ಗಿರಾಕಿ ಬಂದು ಕೂಗಾಡಿದರೂ ಅಷ್ಟೆ. ಒಮ್ಮೆ ಮಾತ್ರ ತಪ್ಪಿದರು. ಹೊಸದುರ್ಗದ ಕಡೆಯ ಸೋದರಮಾವ, ಲಾರಿಯ ಮೇಲೆ ದೂರ ಹೊರಟಿದ್ದವನು, ಕೈ ಹಿಡಿದು ಬೇಡಿಕೊಂಡ. ಇನ್ನೂ ವೀಳ್ಯಶಾಸ್ತ್ರವೇ ಆಗಿರಲಿಲ್ಲ. ಬರೆದುಬಿಟ್ಟರು. ಎಂಟು ದಿನಕ್ಕೆ ಸಂಬಂಧ ಮುರಿದುಬಿತ್ತು ಎಂದು ಯಾರೋ ಹೇಳಿದರು. ಮಾವ ಮತ್ತೆ ಬರಲಿಲ್ಲ.

"ನಾನು ಮುಂಚೆನೇ ಕೊರೆದ್ನಲ್ಲ, ಅದಕ್ಕೇ ಮುರೀತು. ಒಂದು ಹೆಣ್ಣುಮಗಳ ಬಾಳು" ಎಂದರು. "ಇಪ್ಪತ್ತು ವರ್ಷ ಆತು. ದಿನಾ ಬೆನ್ನಿಗೆ ತಾಗ್ತೈತೆ ಕಣವ್ವ ಇದು."

ಹಾಗೆಲ್ಲ ಆಗುವುದಿಲ್ಲ ಅಜ್ಜ ಎಂದೆ. ಓದಿದವರು ಹೇಳುವ ಮಾತು. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಆ ಹುಡುಗಿ ಈಗ ಹಿರಿಯೂರಿನಲ್ಲಿ ಒಂದು ಹೋಟೆಲ್ ಇಟ್ಟಿದ್ದಾಳೆ ಎಂದು ಅವರಿಗೆ ಯಾವಾಗಿನಿಂದಲೋ ಗೊತ್ತಿತ್ತು. ಎರಡು ಸಲ ಬಸ್ ನಿಲ್ದಾಣದವರೆಗೆ ಹೋಗಿ ವಾಪಸ್ ಬಂದಿದ್ದರಂತೆ. ಕರಗಿಸಲು ಕಳಿಸಿದರೆ ತೀರಿತಲ್ಲ ಎಂದು ಕೇಳಬಾರದಿತ್ತು, ಕೇಳಿಬಿಟ್ಟೆ. "ಕರಗಿಸಾಕೆ ಅದು ನಂದಲ್ವಲ್ಲ. ಆಯಮ್ಮನ್ನ ಕೇಳ್ಬೇಕು" ಎಂದರು. ಆಮೇಲೆ ತಾವಾಗಿಯೇ, "ನೀನು ಜೊತೆಗೆ ಬರ್ತೀಯಾ? ಬರಾ ಭಾನುವಾರ ಹೋಗಾಣ" ಎಂದರು.

ಬಸ್ಸಿನಲ್ಲಿ ಕೊಳಗವನ್ನು ಕಾಲಿನ ನಡುವೆ ಇಟ್ಟುಕೊಂಡು ಕೂತರು. ಒಳಗೆ ಅಕ್ಕಿ, ಬೆಲ್ಲ, ಎರಡು ತೆಂಗಿನಕಾಯಿ. ತೆಂಗಿನಕಾಯಿಯನ್ನು ಹಿರಿಯೂರಿಗೆ ಹೊತ್ತುಕೊಂಡು ಹೋಗುತ್ತಿದ್ದೀರಲ್ಲ ಅಜ್ಜ, ಅಲ್ಲಿ ರಾಶಿ ಬಿದ್ದಿರುತ್ತದೆ ಎಂದು ಛೇಡಿಸಿದೆ. ನಗಲಿಲ್ಲ. ಹೆಗಲಿನ ಚೀಲದಲ್ಲಿ ಏನೋ ಕಿಣಿಕಿಣಿ ಎನ್ನುತ್ತಿತ್ತು. ಕರೆಂಟಿನ ಪೆನ್ನು ಬರುವ ಮುಂಚೆ ಹಿತ್ತಾಳೆ ಪಾತ್ರೆಗೆ ಹೊಡೆಯುತ್ತಿದ್ದ ಹಳೇ ಉಳಿ, ಸುತ್ತಿಗೆ. ಅದು ಯಾಕೆಂದರೆ, "ಇರ್ಲಿ ಬಿಡು" ಎಂದರು. ಐಮಂಗಲ ದಾಟಿದ ಮೇಲೆ ಕೊಳಗದ ಮೇಲಿನ ಹೆಸರನ್ನು ಪಂಚೆಯ ಅಂಚಿನಿಂದ ಮುಚ್ಚಿಕೊಂಡರು.

ಹೋಟೆಲು ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ. ನಾಲ್ಕು ಮೇಜು, ಮಂಡಕ್ಕಿ ಮೆಣಸಿನಕಾಯಿ, ಅನ್ನ ಸಾರು, ಮುದ್ದೆ. ಗಲ್ಲಾದ ಹಿಂದೆ ನಲವತ್ತರ ಆಸುಪಾಸಿನ ಗಟ್ಟಿಮುಟ್ಟು ಹೆಂಗಸು, ಒಬ್ಬರಿಗೆ ಚಿಲ್ಲರೆ ಕೊಡುತ್ತಾ ಇನ್ನೊಬ್ಬರಿಗೆ ಸಾರು ಬಡಿಸಲು ಕೂಗಿ ಹೇಳುತ್ತಿದ್ದರು. ಅಜ್ಜ ಬಾಗಿಲಲ್ಲೇ ನಿಂತರು. ನಾನು ಹೋಗಿ ನಾವು ಯಾರು, ಯಾಕೆ ಬಂದೆವು ಎಂದು ಹೇಳಿದೆ. ಆಕೆ ಎದ್ದು ಬಂದು ಕೊಳಗದ ಮೇಲಿನ ಹೆಸರು ಓದಿದರು. ಓದಿ ಅಜ್ಜನ ಮುಖ ನೋಡಿದರು.

ಅಜ್ಜ ಕೈ ಮುಗಿದರು. "ತಪ್ಪಾತು ತಾಯಿ. ಮುಂಚೆನೇ ಹೆಸರು ಹಾಕ್ಬಿಟ್ಟೆ. ನನ್ನಿಂದ ನಿಮ್ಮ ಮದುವೆ..."

"ಅಯ್ಯೋ ಕೈ ಇಳಿಸ್ರಿ ಅಜ್ಜ! ದೊಡ್ಡೋರು ಕೈ ಮುಗಿತಾರೇನ್ರಿ?" ಎಂದು ಆಕೆ ಅವರ ಕೈ ಹಿಡಿದು ಕೆಳಗಿಳಿಸಿದರು. ಆಮೇಲೆ ನಕ್ಕರು, ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ. "ಮುರಿದಿದ್ದು ನೀವಲ್ರಿ, ನಾನು! ನಾನೇ ಬ್ಯಾಡ ಅಂದಿದ್ದು. ಆ ಮನುಷ್ಯ ನೋಡಾಕೆ ಬಂದೋನು ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅಂತ ನಮ್ಮಮ್ಮನ ಮುಂದೆನೇ ತಟ್ಟೆ ತಳ್ಳಿದ. ಅವತ್ತೇ ತೀರ್ಮಾನ ಮಾಡ್ದೆ. ಮಾವಂಗೆ ಸಿಟ್ಟು ಬಂತು, ನಮ್ಮನಿಗೆ ಬರೋದನ್ನೇ ಬಿಟ್ಟ. ಕೊಳಗ ಬರೆಸಿದ್ದ ಅಂತ ನಂಗೆ ಗೊತ್ತೇ ಇಲ್ಲ ನೋಡ್ರಿ. ಕುಂತ್ಕಳ್ರಿ, ಮೊದ್ಲು ಮಜ್ಜಿಗೆ ಕುಡೀರಿ."

ಅಜ್ಜ ಕೂತರು. ಲೋಟ ಬಾಯಿಗೆ ಒಯ್ಯಲು ಆಗಲಿಲ್ಲ, ಹಾಗೆ ಅಳುತ್ತಿದ್ದರು. ಇಪ್ಪತ್ತು ವರ್ಷ ಬೆನ್ನಿಗೆ ತಾಗಿಕೊಂಡೇ ಇದ್ದದ್ದು ಎರಡು ನಿಮಿಷದಲ್ಲಿ ಇಳಿದಿತ್ತು. ನನಗೂ ಕಣ್ಣು ತುಂಬಿತ್ತು. ಆದರೂ ನಾನು ಕಾಗದ ಪೆನ್ಸಿಲ್ ತೆಗೆದು, ಆ ಗದ್ದಲದಲ್ಲೇ ಕೊಳಗದ ಅಚ್ಚು ತೆಗೆದುಕೊಂಡೆ. ಹನ್ನೊಂದನೇ ಹಾಳೆ.

ಆಕೆ ಕೊಳಗವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಚೆನ್ನಾಗೈತೆ. ನನ್ನ ಹೆಸರು ಇರ್ಲಿ, ಮಾವಂದೂ ಇರ್ಲಿ. ಈ ಪುಣ್ಯಾತ್ಮಂದು ಅಳಿಸಾಕೆ ಆಗ್ತೈತಾ ಅಜ್ಜ? ದಿನಾ ಬೆಳಿಗ್ಗೆ ಅವನ ಮುಖ ತೊಳಿಯೋಕೆ ನನಗೇನು ಬಂದೈತೆ?"

ಸ್ಟೀಲಿನ ಮೇಲೆ ಹಾಕಿದ್ದನ್ನು ಅಳಿಸಲು ಬರುವುದಿಲ್ಲ. ಅಜ್ಜ ಕೊಳಗವನ್ನು ಹತ್ತಿರಕ್ಕೆ ಎಳೆದುಕೊಂಡರು. ಕಣ್ಣೊರೆಸಿ ಕನ್ನಡಕ ಇಳಿಸಿಕೊಂಡರು. ಚೀಲದಿಂದ ಉಳಿ, ಸುತ್ತಿಗೆ ಹೊರಗೆ ಬಂದವು. ಹೋಟೆಲಿನ ಜಗಲಿಯ ಮೇಲೆ ಗೋಣಿಚೀಲ ಹಾಸಿ, ಕೊಳಗವನ್ನು ತೊಡೆಯ ಮೇಲೆ ಮಲಗಿಸಿ, ನಾಲಿಗೆಯ ತುದಿ ಹೊರಗೆ ಚಾಚಿ, ಟಿಣ್ ಟಿಣ್ ಎಂದು ಶುರುಮಾಡಿದರು. ನನಗೆ ಬರುವುದಿಲ್ಲ ಎಂದು ಜೀವಮಾನವೆಲ್ಲ ಹೇಳಿದ ಮನುಷ್ಯ! ಮದುಮಗನ ಹೆಸರಿನ ತಲೆಕಟ್ಟುಗಳು ಕುಡಿಗಳಾದವು. ದುಂಡು ಅಕ್ಷರಗಳ ಒಳಗೆ ನರ ಎಳೆದರು, ಎಲೆಗಳಾದವು. ಕೊನೆಯ ಅಕ್ಷರದಿಂದ ಒಂದು ಎಳೆ ಹೊರಟು ಕೊಳಗದ ಹೊಟ್ಟೆ ಸುತ್ತಿ ಹೋಗಿ ಆಕೆಯ ಹೆಸರಿನ ಕೆಳಗೆ ಹೂ ಬಿಟ್ಟಿತು. ಉಂಡವರು ಕೈ ತೊಳೆದು ಹೋಗದೆ ನಿಂತು ನೋಡಿದರು. ಮುಗಿದ ಮೇಲೂ ಕೊಳಗವನ್ನು ಬೋರಲು ಹಾಕಿಕೊಂಡು, ನಮಗೆ ಬೆನ್ನು ತಿರುಗಿಸಿ ಇನ್ನೂ ಐದು ನಿಮಿಷ ಟಿಣ್ ಟಿಣ್ ಎನ್ನಿಸಿದರು. "ತಳ ನೋಡ್ತಾ ಇದೀನಿ, ಸೋರ್ತೈತೇನೋ ಅಂತ" ಎಂದರು. ಒಮ್ಮೆಯೂ ಬಳಸದ ಕೊಳಗ ಯಾಕೆ ಸೋರುತ್ತದೆ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಆಮೇಲೆ ಚಿತ್ರದುರ್ಗದಲ್ಲಿ, ಒಂದು ಶಾಲೆಯ ಹಾಲಿನಲ್ಲಿ ನನ್ನ ಪ್ರದರ್ಶನ ಮಾಡಿದೆ. ಪಾತ್ರೆ ಒಂದೂ ಇರಲಿಲ್ಲ. ಬಟ್ಟೆ ಒಣಹಾಕುವ ಹಗ್ಗಕ್ಕೆ ಹನ್ನೊಂದು ಹಾಳೆ ಸಿಕ್ಕಿಸಿದ್ದೆ. ಪ್ರತಿ ಹಾಳೆಯ ಕೆಳಗೆ ಆ ಪಾತ್ರೆಯಲ್ಲಿ ನಾವು ಏನು ತುಂಬಿ ಕೊಟ್ಟೆವು, ಅವರು ಏನು ತುಂಬಿ ಕಳಿಸಿದರು ಎಂದು ಎರಡೇ ಸಾಲು. ಮದಕರಿಪುರದ ಅಮ್ಮ ಬಂದು ತಮ್ಮ ತಂಬಿಗೆಯ ಹಾಳೆ ಮುಟ್ಟಿ ನೋಡಿದರು. ಗೈಡ್ ಏನೇನೋ ಒಳ್ಳೆಯ ಮಾತು ಹೇಳಿದರು. ಅಜ್ಜ ಮಾತ್ರ ಒಂದೊಂದರ ಮುಂದೂ ನಿಂತು, "ನನ್ನ ಅಕ್ಷರ ಇಷ್ಟು ಸೊಟ್ಟಗದಾವಾ? ಮುಂಚೆನೇ ಹೇಳಬಾರ್ದಾ?" ಎಂದು ನನ್ನನ್ನೇ ಗದರಿಸಿದರು.

ಅವರು ಕೆಲಸ ಬಿಟ್ಟ ಮೇಲೆ ನಾನು ಹೋಗುವುದು ಕಡಿಮೆಯಾಯಿತು. ಅದು ನನ್ನ ತಪ್ಪು, ಅದಕ್ಕೆ ನೆಪ ಹೇಳುವುದಿಲ್ಲ.

ಫೋಟೋ ಇಲ್ಲ ಎಂದು ಗೊತ್ತಾದ ಮರುದಿನ ಭಾನುವಾರ. ಹಿರಿಯೂರಿನ ಬಸ್ಸು ಹತ್ತಿದೆ. ನನ್ನಲ್ಲಿದ್ದ ಹನ್ನೊಂದನೇ ಹಾಳೆ ಬಳ್ಳಿ ಹಬ್ಬುವ ಮುಂಚಿನದು. ಮುಖ ಸಿಗದಿದ್ದರೆ ಆ ಬಳ್ಳಿಯಾದರೂ ಇರಲಿ ಎನಿಸಿತು. ಕೊಳಗ ಹೋಟೆಲಿನ ಬಾಗಿಲಲ್ಲೇ ಮಣೆಯ ಮೇಲೆ ಕೂತಿತ್ತು, ತುಂಬ ಮಜ್ಜಿಗೆ, ಮೇಲೆ ಕೊತ್ತಂಬರಿ. ಬಂದವರು ತಾವೇ ಸೌಟು ಹಾಕಿ ತೆಗೆದುಕೊಳ್ಳುತ್ತಿದ್ದರು. ಸುದ್ದಿ ಹೇಳಿ, ಬಳ್ಳಿಯ ಅಚ್ಚು ಬೇಕಿತ್ತು ಎಂದೆ. ಹೋಟೆಲಿನ ಅಕ್ಕ ಗಲ್ಲಾ ಬಿಟ್ಟು ಎದ್ದು ಬಂದರು. ಮಜ್ಜಿಗೆಯನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಕೊಳಗ ತೊಳೆದು ಒರೆಸಿ ನನ್ನ ಮುಂದೆ ತಂದಿಟ್ಟರು.

ಬಳ್ಳಿಯ ಅಚ್ಚು ತೆಗೆದೆ. ನಡುಗುವ ಕೈಯ ಚುಕ್ಕಿಗಳು, ಆದರೂ ಬಳ್ಳಿ ಎಲ್ಲೂ ಕಡಿದಿರಲಿಲ್ಲ. ಆಗ ಬೋರಲು ಹಾಕಿಕೊಂಡು ಕೂತಿದ್ದ ಅವರ ಬೆನ್ನು ನೆನಪಾಯಿತು. ಕೊಳಗ ತಿರುವಿದೆ. ಮೂರು ವರ್ಷದ ಉಜ್ಜಾಟಕ್ಕೆ ತಳವೆಲ್ಲ ಗೀರು, ಏನೂ ಕಾಣಲಿಲ್ಲ. ಕಾಗದ ಹಾಸಿ ಪೆನ್ಸಿಲ್ ಮಲಗಿಸಿ ಉಜ್ಜಿದೆ. ಬಲಕ್ಕೆ ವಾಲಿದ ಅಕ್ಷರಗಳು ಒಂದೊಂದಾಗಿ ಮೂಡಿದವು.

ಬಳ್ಳಿ ಮಾತ್ರ, ಹೆಸರು ಹಾಕುವವನ ಕಾಣಿಕೆ.

ಕೊಳಗ ಸೋದರಮಾವನದು, ಅದನ್ನು ತನ್ನದೆನ್ನಲು ಅಜ್ಜನಿಗೆ ಮನಸ್ಸು ಬಂದಿಲ್ಲ. ಬಳ್ಳಿ ತನ್ನದು ಎಂದು ಜೀವನದಲ್ಲಿ ಒಂದು ಸಲ, ಯಾರಿಗೂ ಕಾಣದ ಕಡೆ ಬರೆದಿದ್ದಾರೆ. ಅಲ್ಲಿಯೂ ಹೆಸರು ಹಾಕಿಕೊಂಡಿಲ್ಲ. ಅವರೇ ಹಾಕಿಕೊಳ್ಳದ ಹೆಸರನ್ನು ನಾನು ಹೇಗೆ ಇಲ್ಲಿ ಹಾಕಲಿ?

"ಅಕ್ಕ, ಇಲ್ಲಿ ನೋಡ್ರಿ!" ಎಂದು ಕೂಗಿ ಓದಿ ಹೇಳಿದೆ.

"ಗೊತ್ತು ನಂಗೆ" ಎಂದರು. "ದಿನಾ ತೊಳಿಯೋಳು ನಾನೇ ಅಲ್ವಾ? ಮೊದಲ್ನೇ ದಿನಾನೇ ಕೈಗೆ ಸಿಕ್ತು."

ಆ ಹಾಳೆಯ ಫೋಟೋ ತೆಗೆದು ಅಂಗಡಿಯ ಮಾಲೀಕರಿಗೆ ಕಳಿಸಿದೆ. ತಕ್ಷಣ ಫೋನ್ ಬಂತು. "ಮೇಡಂ, ಇದ್ರಾಗೆ ಅಜ್ಜನ ಮುಖ ಇಲ್ಲ, ಹೆಸರೂ ಇಲ್ವಲ್ರೀ?" ಅದರ ಮೇಲಿನ ಸಾಲು ಓದಿ ಎಂದೆ. ಅತ್ತ ಕಡೆ ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡರು. "ಆತು ಬಿಡ್ರಿ, ಇದನ್ನೇ ದೊಡ್ಡದಾಗಿ ಹಾಕಿಸ್ತೀನಿ" ಎಂದರು, ಧ್ವನಿ ಬದಲಾಗಿತ್ತು.

ಬಸ್ಸಿಗೆ ಹೊತ್ತಾಗಿತ್ತು. ಕಾಗದ ಸುತ್ತಿ ಚೀಲಕ್ಕೆ ಹಾಕಿಕೊಂಡು ಎದ್ದೆ. ಅಕ್ಕ ಅಡ್ಡ ಬಂದು ನನ್ನ ಚೀಲದಿಂದ ಊಟದ ಡಬ್ಬಿಯನ್ನು ತಾವೇ ತೆಗೆದುಕೊಂಡರು. ಬೇಡ ಅಕ್ಕ, ಈಗ ತಾನೇ ಉಂಡೆನಲ್ಲ ಎಂದೆ.

"ಸುಮ್ಕಿರು" ಎಂದು ಡಬ್ಬಿಗೆ ಮಂಡಕ್ಕಿ ಒತ್ತಿ ತುಂಬುತ್ತಾ ಹೇಳಿದರು. "ಬರೀ ಡಬ್ಬಿ ಕಳ್ಸಿದ್ರೆ ಅಜ್ಜ ಬೈತಾರೆ."